ಮೊಟ್ಟೆ ಎತ್ತುವ ಮೊದಲು ಮರಳು ನೋಡಿ

ಪ್ರಶ್ನೆ: ನಾನು ಕುಂದಾಪುರ ಕಡೆಯವನು. ಲಕ್ಷದ್ವೀಪದ ಒಂದು ಸಣ್ಣ ದ್ವೀಪದಲ್ಲಿ ಪ್ರವಾಸಿ ಕುಟೀರಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದೇನೆ. ಮಳೆಗಾಲದಲ್ಲಿ ಆಮೆಗಳು ದಂಡೆಗೆ ಬಂದು ಮೊಟ್ಟೆಯಿಡುತ್ತವೆ. ಕಳೆದ ವರ್ಷ ಮೂರು ಗೂಡುಗಳು ಅಲೆಗೆ ಕೊಚ್ಚಿಹೋದವು. ನಮ್ಮೂರ ಕಡೆ ಮಾಡುವಂತೆ ಮೊಟ್ಟೆಗಳನ್ನು ತೆಗೆದು ಬೇಲಿಯೊಳಗೆ ಹೂಳಿ ಮರಿ ಮಾಡಿಸಬಹುದೇ? ದಂಡೆ ಕೊರೆಯದಂತೆ ಮರಳುಚೀಲದ ಗೋಡೆ ಕಟ್ಟುವ ಯೋಚನೆಯೂ ಇದೆ. ಯಾವುದರಿಂದ ಶುರು ಮಾಡಲಿ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ದೀಪ ಆರಿಸುವುದರಿಂದ ಶುರು ಮಾಡಿ. ಕಾರಣ ಮುಂದೆ ಹೇಳುತ್ತೇನೆ, ಮೊದಲು ಕಾನೂನಿನ ಮಾತು ಮುಗಿಸೋಣ. ಭಾರತದ ಕಡಲಲ್ಲಿರುವ ಐದೂ ಬಗೆಯ ಕಡಲಾಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚಿನ ರಕ್ಷಣೆ ಕೊಡುವ ಮೊದಲ ಅನುಸೂಚಿಯಲ್ಲಿವೆ. ಮೊಟ್ಟೆಗೂ ಅದೇ ರಕ್ಷಣೆ. ಲಿಖಿತ ಅನುಮತಿಯಿಲ್ಲದೆ ಗೂಡು ಬಗೆದರೆ, ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಮೂರರಿಂದ ಏಳು ವರ್ಷದ ಸಜೆಗೆ ಗುರಿಯಾಗಬಹುದು. ಆದ್ದರಿಂದ ಏನೇ ಮಾಡುವ ಮೊದಲು ದ್ವೀಪದ ಪರಿಸರ ಮತ್ತು ಅರಣ್ಯ ಇಲಾಖೆಗೆ ಪತ್ರ ಕೊಟ್ಟು, ಅವರ ಸಿಬ್ಬಂದಿಯನ್ನು ಕರೆಸಿ ದಂಡೆ ತೋರಿಸಿ.

ನಮ್ಮ ಕರಾವಳಿಯ ಕ್ರಮವನ್ನು ಅಲ್ಲಿಗೆ ಹಾಗೆಯೇ ಹೊತ್ತೊಯ್ಯಲು ಬರುವುದಿಲ್ಲ. ಕುಂದಾಪುರ, ಹೊನ್ನಾವರ, ಕಾರವಾರದ ದಂಡೆಗಳಿಗೆ ಬರುವುದು ಹೆಚ್ಚಾಗಿ ಆಲಿವ್ ರಿಡ್ಲಿ ಎಂಬ ಆಮೆ. ಮಳೆ ಮುಗಿದು ಕಡಲು ತಣ್ಣಗಾದ ಮೇಲೆ ಬರುತ್ತದೆ, 45 ಸೆಂ.ಮೀ. ಆಸುಪಾಸಿನ ಆಳಕ್ಕೆ ಮೊಟ್ಟೆಯಿಡುತ್ತದೆ. ದಂಡೆಗೆ ಮರಳನ್ನು ಹೊಳೆಗಳು ತಂದು ಸುರಿಯುತ್ತವೆ. ಲಕ್ಷದ್ವೀಪದಲ್ಲಿ ಮುಖ್ಯವಾಗಿ ಬರುವುದು ಹಸಿರಾಮೆ. ಅದು ಬರುವುದೇ ಅಲೆ ಜೋರಿರುವ ಮಳೆಗಾಲದಲ್ಲಿ. ಮೊದಲು ತನ್ನ ಮೈ ಹುದುಗುವಷ್ಟು ದೊಡ್ಡ ಹೊಂಡ ತೋಡಿ, ಅದರ ತಳದಲ್ಲಿ ಹೂಜಿಯಾಕಾರದ ಗುಂಡಿ ಕೊರೆಯುತ್ತದೆ. ಗೂಡಿನ ತಳ ದಂಡೆಯ ಮೇಲ್ಮೈಯಿಂದ 70–80 ಸೆಂ.ಮೀ. ಕೆಳಗಿರುತ್ತದೆ. ದ್ವೀಪವೋ ಸಮುದ್ರಮಟ್ಟದಿಂದ ಒಂದೆರಡು ಮೀಟರ್ ಎತ್ತರದ್ದು. ಅಂದರೆ ಗೂಡಿಗೂ ನೆಲದಡಿಯ ನೀರಿಗೂ ನಡುವೆ ಉಳಿಯುವುದು ಕೆಲವೇ ಗೇಣು.

ಮರಳಿನ ಲೆಕ್ಕವೂ ಬೇರೆ. ಹವಳದ ದ್ವೀಪಕ್ಕೆ ಹೊಳೆಯಿಲ್ಲ. ಅಲ್ಲಿನ ಪ್ರತಿ ಹಿಡಿ ಮರಳೂ ಸುತ್ತಲಿನ ಹವಳದ ದಿಬ್ಬದಲ್ಲೇ ಹುಟ್ಟಬೇಕು: ಮುರಿದ ಹವಳ, ಚಿಪ್ಪು, ಸುಣ್ಣಗಟ್ಟಿದ ಹ್ಯಾಲಿಮೆಡ ಪಾಚಿ, ಇವೆಲ್ಲಕ್ಕಿಂತ ಮಿಗಿಲಾಗಿ ಹವಳದ ಬಂಡೆಯನ್ನು ಕೆರೆದು ತಿಂದು ಮರಳಾಗಿ ವಿಸರ್ಜಿಸುವ ಗಿಳಿಮೀನು. ಪಕ್ಕದ ಮಾಲ್ಡೀವ್ಸ್‌ನ ವಕ್ಕಾರು ದ್ವೀಪದ ಸುತ್ತ ನಡೆಸಿದ ಅಧ್ಯಯನದಲ್ಲಿ ಹೊಸದಾಗಿ ಹುಟ್ಟುವ ಮರಳಿನ 85%ಕ್ಕೂ ಹೆಚ್ಚು ಪಾಲು ಗಿಳಿಮೀನಿನದೇ ಎಂದು ಕಂಡುಬಂತು. ನಿಮ್ಮ ಅಡುಗೆಮನೆ ಗಿಳಿಮೀನು ಕೊಳ್ಳುತ್ತಿದ್ದರೆ ಅದನ್ನು ಇಂದೇ ನಿಲ್ಲಿಸಿ. ಇದು ಆಮೆಗೆ ಸಂಬಂಧಿಸಿದ ಸಲಹೆಯೇ. ಲಕ್ಷದ್ವೀಪದ ಹವಳ 1998, 2010, 2016 ಮತ್ತು 2024ರಲ್ಲಿ ಕಡಲು ಕಾದು ಬಿಳುಚಿದೆ. ಮರಳು ಮಾಡುವ ಕಾರ್ಖಾನೆಯೇ ಸೊರಗಿರುವಾಗ ಇರುವ ಮರಳನ್ನು ಕಳೆದುಕೊಳ್ಳುವ ಯಾವ ಕೆಲಸವನ್ನೂ ಮಾಡಬಾರದು.

ಗೋಡೆಯ ಪ್ರಶ್ನೆ ಬರುವುದು ಇಲ್ಲೇ. ಸಣ್ಣ ದ್ವೀಪದ ಮರಳು ಋತುವಿಗೆ ತಕ್ಕಂತೆ ದ್ವೀಪದ ಸುತ್ತ ಸರಿಯುತ್ತದೆ. ನೈಋತ್ಯ ಮಾರುತದ ಕಾಲದಲ್ಲಿ ಒಂದು ಬದಿ ಕೊರೆದು ಇನ್ನೊಂದು ಬದಿಯಲ್ಲಿ ಗುಡ್ಡೆಯಾಗುತ್ತದೆ, ಗಾಳಿ ತಿರುಗಿದ ಮೇಲೆ ಬಹುಪಾಲು ಹಿಂತಿರುಗುತ್ತದೆ. ಆಗಸ್ಟ್‌ನಲ್ಲಿ ನೋಡಿ ‘ದಂಡೆ ಹೋಯಿತು’ ಎಂದು ಗೋಡೆ ಕಟ್ಟಿದರೆ ಡಿಸೆಂಬರ್‌ನಲ್ಲಿ ಮರಳಬೇಕಿದ್ದ ಮರಳಿಗೆ ಜಾಗವಿರುವುದಿಲ್ಲ. ಗೋಡೆಗೆ ಬಡಿದ ಅಲೆ ತನ್ನ ಬಲವನ್ನು ಗೋಡೆಯ ಬುಡಕ್ಕೆ ಹಾಕುತ್ತದೆ. ಬುಡದ ಮರಳು ತೊಳೆದುಹೋಗುತ್ತದೆ, ಗೋಡೆಯ ಎರಡೂ ತುದಿಯಲ್ಲಿ ಹೊಸ ಕೊರೆತ ಶುರುವಾಗುತ್ತದೆ. ಮೇಲೇರಿ ಬಂದ ಆಮೆ ಗೋಡೆಗೆ ಮೂತಿ ತಾಗಿಸಿ ತಿರುಗಿಹೋಗುತ್ತದೆ, ಇಲ್ಲವೇ ಅಲೆ ಮುಟ್ಟುವ ಕೆಳದಂಡೆಯಲ್ಲೇ ಮೊಟ್ಟೆಯಿಡುತ್ತದೆ. ಪ್ಲಾಸ್ಟಿಕ್ ಚೀಲಗಳು ಬಿಸಿಲಿಗೆ ಹರಿದು ಎಳೆ ಎಳೆಯಾಗಿ ಲಗೂನ್, ಅಂದರೆ ದಂಡೆಗೂ ಹವಳದ ದಿಬ್ಬಕ್ಕೂ ನಡುವಿನ ಆಳವಿಲ್ಲದ ಕಡಲು, ಸೇರುತ್ತವೆ. ಜನರ ಮನೆ ಉಳಿಸಲು ಸರ್ಕಾರ ಈಗಾಗಲೇ ಟೆಟ್ರಾಪಾಡ್ (ಅಲೆ ತಡೆಯುವ ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿ) ಹಾಕಿರುವ ಕಡೆ ಅದನ್ನು ಕೀಳಿಸುವ ಮಾತು ಬೇಡ, ಅವರಿಗೂ ಬದುಕಬೇಕು. ಆದರೆ ಮೊಟ್ಟೆಯ ಕಾಲದಲ್ಲಿ ಆ ಕಾಂಕ್ರೀಟ್ ಸಂದುಗಳಲ್ಲಿ ಆಮೆ ಸಿಕ್ಕಿಕೊಂಡಿದೆಯೇ ಎಂದು ದಿನಾ ಬೆಳಿಗ್ಗೆ ನೋಡಲು ಒಬ್ಬರನ್ನು ನೇಮಿಸಿ. ಬಿಸಿಲೇರಿದ ಮೇಲೆ ಅಂಗಾತ ಬಿದ್ದ ಆಮೆ ಹೆಚ್ಚು ಹೊತ್ತು ಬದುಕುವುದಿಲ್ಲ.

ದಂಡೆ ನಿಜಕ್ಕೂ ಸವೆಯುತ್ತಿದೆಯೇ, ಬರೀ ಜಾಗ ಬದಲಿಸುತ್ತಿದೆಯೇ ಎಂದು ತಿಳಿಯಲು ಅಳತೆ ಬೇಕು. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ತಲಾ 1.5 ಮೀಟರ್‌ನ ಎರಡು ನೇರ ಕೋಲು ತೆಗೆದುಕೊಂಡು ಸೆಂಟಿಮೀಟರ್ ಗುರುತು ಹಾಕಿ, ನಡುವೆ 2 ಮೀಟರ್ ಹಗ್ಗ ಕಟ್ಟಿ. ಗಿಡಗಳ ಅಂಚಿನಲ್ಲಿ ಅಲುಗದ ಗುರುತೊಂದನ್ನು ಆರಿಸಿ ಮೊದಲ ಕೋಲನ್ನು ಅಲ್ಲಿ ನಿಲ್ಲಿಸಿ, ಎರಡನೆಯದನ್ನು ಸಮುದ್ರದ ಕಡೆಗೆ ಹಗ್ಗ ಬಿಗಿಯುವಷ್ಟು ದೂರದಲ್ಲಿ ನಿಲ್ಲಿಸಿ. ಹಿಂದಿನ ಕೋಲಿನ ಪಕ್ಕದಲ್ಲಿ ನಿಂತು, ಮುಂದಿನ ಕೋಲಿನ ತುದಿ ಮತ್ತು ದಿಗಂತ ಒಂದೇ ಗೆರೆಗೆ ಬರುವಂತೆ ನೋಡಿ. ಆ ಗೆರೆ ಹಿಂದಿನ ಕೋಲಿನ ತುದಿಯಿಂದ ಎಷ್ಟು ಸೆಂ.ಮೀ. ಕೆಳಗೆ ಹಾಯುತ್ತದೋ ಅಷ್ಟು ಇಳಿಜಾರು. ಹೀಗೆ ಎರಡೆರಡು ಮೀಟರ್ ಮುಂದೆ ಸಾಗುತ್ತ ನೀರಿನವರೆಗೆ ಬರೆದುಕೊಳ್ಳಿ. ದ್ವೀಪದ ಸುತ್ತ ಆರೆಂಟು ಕಡೆ, ತಿಂಗಳಿಗೊಮ್ಮೆ, ಇಳಿತದ ಹೊತ್ತಿಗೆ ಇದನ್ನು ಮಾಡಿದರೆ ಒಂದು ವರ್ಷದಲ್ಲಿ ನಿಮ್ಮ ಮರಳು ಎಲ್ಲಿಂದ ಎಲ್ಲಿಗೆ ಓಡಾಡುತ್ತದೆ ಎಂಬ ನಕ್ಷೆ ಕೈಗೆ ಬರುತ್ತದೆ.

ಇನ್ನೊಂದು ಅಳತೆ ನೆಲದಡಿಯ ನೀರಿನದು, ಹೆಚ್ಚಿನವರು ಮರೆಯುವಂಥದ್ದು. ಅಲೆ ಮೇಲಿಂದ ಕೊಚ್ಚುವುದು ಕಣ್ಣಿಗೆ ಕಾಣುತ್ತದೆ. ಆದರೆ ಭರತದ ಹೊತ್ತಿಗೆ ಮರಳಿನೊಳಗೆ ನೀರು ಏರಿ ಗೂಡನ್ನು ತಳದಿಂದ ಮುಳುಗಿಸುವುದು ಕಾಣುವುದಿಲ್ಲ. ಮೊಟ್ಟೆ ಚಿಪ್ಪಿನ ರಂಧ್ರಗಳ ಮೂಲಕ ಉಸಿರಾಡುತ್ತದೆ, ನೀರು ನಿಂತರೆ ಭ್ರೂಣ ಕಟ್ಟುಸಿರಾಗಿ ಸಾಯುತ್ತದೆ. ಆಸ್ಟ್ರೇಲಿಯದ ರೇನ್ ದ್ವೀಪದ ಹಸಿರಾಮೆ ಮೊಟ್ಟೆಗಳನ್ನು ಉಪ್ಪುನೀರಿನಲ್ಲಿ ಮುಳುಗಿಸಿ ಪರೀಕ್ಷಿಸಿದಾಗ, ಒಂದರಿಂದ ಮೂರು ಗಂಟೆ ಮುಳುಗಿದವುಗಳಲ್ಲಿ ನಷ್ಟ 10%ಕ್ಕಿಂತ ಕಡಿಮೆಯಿತ್ತು. ಆರು ಗಂಟೆ ಮುಳುಗಿದವುಗಳಲ್ಲಿ ಅದು ಸುಮಾರು 30%ಕ್ಕೆ ಏರಿತು. ಅಂದರೆ ಅಲೆಯೊಂದು ಬಂದು ಹೋದ ಮಾತ್ರಕ್ಕೆ ಗೂಡು ಹಾಳಾಯಿತೆಂದು ಎದೆಗೆಡಬೇಕಿಲ್ಲ, ನೀರು ನಿಲ್ಲುವ ಜಾಗವೇ ಅಪಾಯದ್ದು. ಅದನ್ನು ಪತ್ತೆ ಮಾಡಲು 50 ಮಿ.ಮೀ. ಪಿವಿಸಿ ಪೈಪಿನ ಕೆಳಗಿನ ಅರ್ಧಕ್ಕೆ ತೂತು ಕೊರೆದು, ಬಲೆ ಬಟ್ಟೆ ಸುತ್ತಿ, 1.2 ಮೀಟರ್ ಆಳಕ್ಕೆ ಇಳಿಸಿ, ಬಾಯಿ ಮುಚ್ಚಿ. ಹುಣ್ಣಿಮೆ, ಅಮಾವಾಸ್ಯೆಯ ತುಂಬು ಭರತದಲ್ಲಿ ಒಳಗೆ ಕೋಲು ಇಳಿಸಿ ಒದ್ದೆಯಾದ ಗುರುತು ನೋಡಿ. ನೀರು ಮೇಲ್ಮೈಯಿಂದ 80 ಸೆಂ.ಮೀ.ಗಿಂತ ಮೇಲೆ ಬಂದರೆ ಅಲ್ಲಿ ಹಸಿರಾಮೆ ಗೂಡಿನ ತಳ ನೀರಲ್ಲಿರುತ್ತದೆ. ಗೂಡು ಇಲ್ಲದ ಕಾಲದಲ್ಲಿ ಪೈಪ್ ಹಾಕಿ, ಮೊಟ್ಟೆಯ ಕಾಲದಲ್ಲಿ ದಂಡೆಯಲ್ಲಿ ಎಲ್ಲಿಯೂ ಏನನ್ನೂ ಚುಚ್ಚಬೇಡಿ.

ರೇನ್ ದ್ವೀಪದ ಹೆಸರು ಬಂದದ್ದರಿಂದ ಅದರ ಕಥೆ ಚಿಕ್ಕದಾಗಿ. ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ತುದಿಯ ಈ ಪುಟ್ಟ ಹವಳದ ದ್ವೀಪ ಜಗತ್ತಿನ ಅತಿ ದೊಡ್ಡ ಹಸಿರಾಮೆ ತಾಣ. ಸಾವಿರಾರು ಆಮೆಗಳು ಬರುತ್ತಿದ್ದರೂ ಮೊಟ್ಟೆಗಳು ನೀರು ಹೊಕ್ಕು ಕೊಳೆಯುತ್ತಿದ್ದವು, ತಾಯಿ ಆಮೆಗಳು ಸಣ್ಣ ಕಡಿದಾದ ಬಂಡೆಯಂಚಿನಿಂದ ಉರುಳಿ ಅಂಗಾತ ಬಿದ್ದು ಬಿಸಿಲಿಗೆ ಸಾಯುತ್ತಿದ್ದವು. ಅಲ್ಲಿ ಯಂತ್ರಗಳನ್ನು ಇಳಿಸಿ ಸುಮಾರು 40,000 ಘನ ಮೀಟರ್ ಮರಳನ್ನು ಸರಿಸಿ ದಂಡೆ ಎತ್ತರಿಸಿದರು, ಬಂಡೆಯಂಚಿಗೆ ಸುಮಾರು 1,750 ಮೀಟರ್ ಬೇಲಿ ಹಾಕಿದರು. ಎತ್ತರಿಸಿದ ಭಾಗದಲ್ಲಿ ಮರಿಗಳು ಹೆಚ್ಚು ಹುಟ್ಟಿದವು. ಇದನ್ನು ಓದಿ ನಿಮ್ಮ ದ್ವೀಪಕ್ಕೂ ಜೆಸಿಬಿ ತರಿಸುವ ಯೋಚನೆ ಯಾರಿಗಾದರೂ ಬಂದರೆ ತಡೆಯಿರಿ. ಅಲ್ಲಿ ಸರ್ಕಾರ, ವಿಜ್ಞಾನಿಗಳು, ಆ ನೆಲದ ಮೂಲನಿವಾಸಿಗಳು ಸೇರಿ ವರ್ಷಗಟ್ಟಲೆ ಅಳೆದು, ದ್ವೀಪದ ಮೇಲೆಯೇ ಇದ್ದ ಮರಳನ್ನು ಬಳಸಿ ಮಾಡಿದ ಕೆಲಸ ಅದು. ಲಗೂನ್‌ನಿಂದ ಮರಳೆತ್ತಿ ದಂಡೆಗೆ ಸುರಿಯುವುದು ಬೇರೆಯೇ ಸಂಗತಿ; ಅಲ್ಲಿ ಹೊಂಡವಾದರೆ ಅಲೆ ಇನ್ನಷ್ಟು ಬಲದಿಂದ ದಡಕ್ಕೆ ಬರುತ್ತದೆ, ಕೆಸರೆದ್ದು ಹವಳ ಸಾಯುತ್ತದೆ.

ಈಗ ನೀವು ನಾಳೆಯೇ ಮಾಡಬಹುದಾದ ಕೆಲಸ: ದೀಪ. ಮರಿ ಗೂಡಿನಿಂದ ಹೊರಬಂದಾಗ ತಗ್ಗಿನಲ್ಲಿ ಎಲ್ಲಿ ಹೆಚ್ಚು ಬೆಳಕಿದೆಯೋ ಅತ್ತ ಓಡುತ್ತದೆ, ಕಪ್ಪಗೆ ಎತ್ತರಕ್ಕೆ ಕಾಣುವ ಮರಗಳ ಸಾಲಿನಿಂದ ದೂರ ಸರಿಯುತ್ತದೆ. ಸಹಜ ದಂಡೆಯಲ್ಲಿ ಇದು ಅದನ್ನು ಸಮುದ್ರಕ್ಕೆ ಒಯ್ಯುತ್ತದೆ, ಕುಟೀರದ ಜಗಲಿಯಲ್ಲಿ ಬಲ್ಬಿದ್ದರೆ ಜಗಲಿಗೆ. ಬೆಳಗಾಗುವಷ್ಟರಲ್ಲಿ ಏಡಿ, ಕಾಗೆ, ಬಿಸಿಲು ಅದನ್ನು ಮುಗಿಸುತ್ತವೆ. ಮೊಟ್ಟೆಯಿಡಲು ಬರುವ ತಾಯಿಯೂ ಬೆಳಕಿನ ದಂಡೆಯನ್ನು ಬಿಟ್ಟು ಹೋಗುತ್ತದೆ. ಸಾಮಾನ್ಯವಾಗಿ ಆಗುವ ತಪ್ಪು ‘ವಾರ್ಮ್ ವೈಟ್’ ಎಲ್‌ಇಡಿ ಹಾಕಿ ನೆಮ್ಮದಿಯಾಗಿರುವುದು. ಕಣ್ಣಿಗೆ ಹಳದಿಯಾಗಿ ಕಂಡರೂ ಅದರೊಳಗೆ 450 ನ್ಯಾನೊಮೀಟರ್ ಸುತ್ತಿನ ನೀಲಿ ಬೆಳಕು ಉಳಿದಿರುತ್ತದೆ, ಆಮೆಗೆ ಅದು ಚೆನ್ನಾಗಿ ಕಾಣುತ್ತದೆ. ಬಲ್ಬಿಗೆ ಕೆಂಪು ಹಾಳೆ ಸುತ್ತುವುದೂ ಸಾಲದು, ಸಂದಿನಲ್ಲಿ ಬಿಳಿ ಬೆಳಕು ಸೋರುತ್ತದೆ. 560 ನ್ಯಾನೊಮೀಟರ್‌ಗಿಂತ ಉದ್ದ ತರಂಗದ ಅಂಬರ್ ಅಥವಾ ಕೆಂಪು ಎಲ್‌ಇಡಿಯನ್ನೇ ಕೇಳಿ ತರಿಸಿ. ಕಂಬ ಬೇಡ, ಮೊಣಕಾಲೆತ್ತರದಲ್ಲಿ, ಮೇಲೂ ಪಕ್ಕಕ್ಕೂ ಮರೆಯಿರುವ, ನೆಲವನ್ನಷ್ಟೇ ಬೆಳಗುವ ದೀಪ ಸಾಕು. ಕಡಲ ಕಡೆಯ ಕಿಟಕಿಗೆ ದಪ್ಪ ಪರದೆ ಹಾಕಿಸಿ. ಹಾಕಿದ ಮೇಲೆ ಅಮಾವಾಸ್ಯೆಯ ರಾತ್ರಿ ದಂಡೆಯ ಮೇಲೆ ಮಲಗಿ, ಕೆನ್ನೆಯನ್ನು ಮರಳಿನ ಮಟ್ಟಕ್ಕಿಟ್ಟು ಸುತ್ತ ನೋಡಿ. ಯಾವುದೇ ಬಲ್ಬಾಗಲಿ, ಬೆಳಕು ಬಿದ್ದ ಬಿಳಿ ಗೋಡೆಯಾಗಲಿ ಕಂಡರೆ ಮರಿಗೂ ಕಾಣುತ್ತದೆ ಎಂದೇ ಲೆಕ್ಕ.

ದೀಪದ ಜೊತೆಗೇ, ಸಂಜೆಯಾದರೆ ಕುರ್ಚಿ, ದೋಣಿ, ಹಗ್ಗ, ಮಕ್ಕಳು ತೋಡಿದ ಹೊಂಡ ಯಾವುದೂ ದಂಡೆಯಲ್ಲಿ ಉಳಿಯಬಾರದು. ಚಕ್ರದ ಗಾಡಿ ಓಡಿಸಿದರೆ ಅದರ ಅಚ್ಚೇ ಮರಿಗೆ ಕಾಲುವೆಯಾಗುತ್ತದೆ. ಕಡಲಿಗೆ ಇಳಿಯದೆ ಅದರುದ್ದಕ್ಕೂ ನಡೆದು ಸುಸ್ತಾಗುತ್ತದೆ. ಬಲೆ ತುಂಡು, ಪ್ಲಾಸ್ಟಿಕ್ ಕೈಯಲ್ಲಿ ಹೆಕ್ಕಿ, ಸಮುದ್ರಹುಲ್ಲಿನ ಒಣ ಕಸ ಮಾತ್ರ ಇರಲಿ, ಅದು ಮರಳನ್ನು ಹಿಡಿದಿಡುತ್ತದೆ. ಅಂಚಿನ ಅಡುಂಬು ಬಳ್ಳಿ, ರಾವಣನ ಮೀಸೆ, ಕೇದಗೆ ಪೊದೆಗಳನ್ನು ‘ನೋಟಕ್ಕೆ ಅಡ್ಡ’ ಎಂದು ಕಡಿಯಬೇಡಿ. ಮರಳು ನಿಲ್ಲುವುದೂ, ಮರಿಗೆ ಹಿಂದಿನ ಕತ್ತಲ ಗೋಡೆ ಕಾಣುವುದೂ ಅವುಗಳಿಂದಲೇ. ದಂಡೆಯಂಚಿಗೆ ಗಾಳಿಮರ ನೆಡುವುದು ಬೇಡ, ಅದರ ಬೇರಿನ ಜಾಲದಲ್ಲಿ ಆಮೆಗೆ ಗುಂಡಿ ತೋಡಲಾಗದು. ಅಡುಗೆಮನೆಯ ಕಸ ಬಿಗಿ ಮುಚ್ಚಳದೊಳಗಿರಲಿ. ಇಲಿ, ಬೆಕ್ಕು, ಕಾಗೆ ಹೆಚ್ಚುವುದು ಅದರಿಂದ.

ಗೂಡು ಎಣಿಸುವುದು ಬೆಳಗಿನ ಕೆಲಸ. ರಾತ್ರಿ ಟಾರ್ಚ್ ಹಿಡಿದು ಅಲೆದಾಡಬೇಡಿ, ಹತ್ತಿ ಬರುತ್ತಿರುವ ಆಮೆ ಹಿಂತಿರುಗುತ್ತದೆ. ಸೂರ್ಯ ಏರುವ ಮೊದಲು, ಜಾಡು ಇನ್ನೂ ತೇವವಿರುವಾಗ ನಡೆಯಿರಿ. ಹಸಿರಾಮೆ ಎರಡೂ ಮುಂಗಾಲನ್ನು ಒಟ್ಟಿಗೆ ಎಳೆಯುವುದರಿಂದ ಜಾಡಿನ ಎರಡು ಬದಿ ಒಂದಕ್ಕೊಂದು ಎದುರೆದುರಾಗಿ ಸರಿಸಮವಿರುತ್ತವೆ, ಅಗಲ ಒಂದು ಮೀಟರ್ ಅಥವಾ ಹೆಚ್ಚು. ಗಿಡುಗ ಮೂತಿಯ ಆಮೆ ಮತ್ತು ರಿಡ್ಲಿ ಕಾಲನ್ನು ಒಂದಾದ ಮೇಲೊಂದು ಇಡುತ್ತವೆ, ಜಾಡು ಓರೆಕೋರೆ, ಅಗಲ 70–85 ಸೆಂ.ಮೀ. ಜಾಡಿದ್ದ ಮಾತ್ರಕ್ಕೆ ಗೂಡಿದೆ ಎನ್ನಲಾಗದು. ಬೇರು, ಬಂಡೆ, ಬೆಳಕು, ಕುಸಿಯುವ ಒಣ ಮರಳು ಇವುಗಳಿಂದ ಆಮೆ ಮೊಟ್ಟೆಯಿಡದೆ ಮರಳುವುದು ಸಾಮಾನ್ಯ. ಅಂಥ ಬರಿ ಜಾಡುಗಳನ್ನೂ ಬರೆದಿಡಿ. ಒಂದೇ ಕಡೆ ಅವು ಹೆಚ್ಚಾದರೆ ಅಲ್ಲಿ ಏನೋ ತೊಂದರೆಯಿದೆ ಎಂದರ್ಥ. ಗೂಡಿನ ಮೇಲೆ ಕೋಲು ನೆಡಬೇಡಿ, ಮೊಟ್ಟೆ ಒಡೆಯುತ್ತದೆ, ಕಳ್ಳರಿಗೂ ದಾರಿ ತೋರಿಸಿದಂತೆ. ಹಿಂದಿನ ಎರಡು ಮರಗಳಿಂದ ಅಳತೆ ತೆಗೆದು ಪುಸ್ತಕದಲ್ಲಿ ಬರೆಯಿರಿ, ನಂತರ ಮರಳಿನ ಜಾಡನ್ನು ಕಾಲಿಂದ ಅಳಿಸಿ. ಮರುದಿನ ಅದೇ ಜಾಡು ಎರಡನೇ ಸಲ ಲೆಕ್ಕಕ್ಕೆ ಬರುವುದಿಲ್ಲ.

ಮೂರು ಗೂಡು ಹೋದದ್ದರ ನೋವು ಅರ್ಥವಾಗುತ್ತದೆ. ಆದರೆ ಒಂದು ಹಸಿರಾಮೆ ಒಂದೇ ಹಂಗಾಮಿನಲ್ಲಿ ಸುಮಾರು ಎರಡು ವಾರಕ್ಕೊಮ್ಮೆಯಂತೆ ಮೂರರಿಂದ ಐದು ಸಲ, ಪ್ರತಿ ಸಲ ನೂರರ ಮೇಲೆ ಮೊಟ್ಟೆಯಿಡುತ್ತದೆ. ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ದಿನ ಇಡುವುದೇ ಕೆಲವು ಹೋದರೂ ಕೆಲವು ಉಳಿಯಲಿ ಎಂಬ ಪ್ರಕೃತಿಯ ಏರ್ಪಾಡು. ಮೊಟ್ಟೆ ಸ್ಥಳಾಂತರ ಕೊನೆಯ ಉಪಾಯ. ಇಲಾಖೆಯ ಅನುಮತಿಯಿದ್ದು, ತುಂಬು ಭರತದ ಕಸದ ಗೆರೆಗಿಂತ ಕೆಳಗೆ ಗೂಡು ಬಿದ್ದು, ಉಳಿಯುವುದಿಲ್ಲ ಎಂಬುದು ಖಾತ್ರಿಯಿದ್ದಾಗ ಮಾತ್ರ.

ಆಗಲೂ ಗಡಿಯಾರವೇ ಯಜಮಾನ. ಮೊಟ್ಟೆ ಹೊರಬಿದ್ದ ಕೆಲವೇ ಗಂಟೆಗಳಲ್ಲಿ ಭ್ರೂಣ ಚಿಪ್ಪಿನ ಒಳಪೊರೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಹೊರಳಿದರೆ ಆ ಪೊರೆ ಹರಿದು ಭ್ರೂಣ ಸಾಯುತ್ತದೆ. ಕೋಳಿಮೊಟ್ಟೆ ಹೊರಳಿಸುವ ಅಭ್ಯಾಸ ಇಲ್ಲಿ ಪ್ರಾಣಾಂತಕ. ಎರಡು ಗಂಟೆಯೊಳಗೆ ಸಾಗಿಸಿದರೆ ಒಳ್ಳೆಯದು, ಆರು ಗಂಟೆ ದಾಟಿದ್ದರೆ ಅದಿದ್ದಲ್ಲೇ ಬಿಡಿ. ಕೈಯಲ್ಲಿ ಸನ್‌ಸ್ಕ್ರೀನ್, ಡೀಸೆಲ್, ಸೊಳ್ಳೆ ಎಣ್ಣೆ ಇರಬಾರದು. ಬಕೆಟ್ಟಿನ ತಳಕ್ಕೆ ತೇವದ ಮರಳು ಹಾಸಿ, ಮೊಟ್ಟೆಯ ಮೇಲ್ಬದಿ ಮೇಲೆಯೇ ಇರುವಂತೆ ಒಂದೊಂದಾಗಿ ಎಣಿಸಿ ಇಡಿ, ಕುಲುಕದೆ ಹೊತ್ತು ನಡೆಯಿರಿ. ಹೊಸ ಗುಂಡಿ ಅದೇ ದಂಡೆಯ ಎತ್ತರದ ಭಾಗದಲ್ಲಿ, ಮೂಲ ಗೂಡಿನಷ್ಟೇ ಆಳಕ್ಕೆ, ಬಾಯಿ ಕಿರಿದು ತಳ ಅಗಲವಾಗಿರಲಿ. ಮೇಲೆ ತೇವದ ಮರಳನ್ನೇ ಮುಚ್ಚಿ. ಒಣ ಮರಳು ಸುರಿದರೆ ಮೊಟ್ಟೆಗಳ ಸಂದಿಗೆ ಇಳಿದು ಗಾಳಿ ಕಟ್ಟುತ್ತದೆ.

ಬೇಲಿಯೊಳಗಿನ ಮರಿಮನೆಯಲ್ಲಿ ಎದುರಾಗುವ ದೊಡ್ಡ ತೊಂದರೆ ಬಿಸಿ. ಆಮೆಮರಿ ಗಂಡೋ ಹೆಣ್ಣೋ ಎಂಬುದನ್ನು ಮೊಟ್ಟೆಯ ಬೆಳವಣಿಗೆಯ ನಡುಭಾಗದ ಶಾಖ ತೀರ್ಮಾನಿಸುತ್ತದೆ. ಸುಮಾರು 29 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಮಪಾಲು, ಅದಕ್ಕಿಂತ ಬಿಸಿಯಾದರೆ ಹೆಣ್ಣು, 33–34 ದಾಟಿ ದಿನಗಟ್ಟಲೆ ನಿಂತರೆ ಸಾವು. ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗದ ದಂಡೆಗಳಲ್ಲಿ ಹುಟ್ಟಿದ ಎಳೆಯ ಹಸಿರಾಮೆಗಳಲ್ಲಿ 99% ಹೆಣ್ಣು ಎಂದು 2018ರ ಅಧ್ಯಯನ ತೋರಿಸಿತು. ನೆರಳಿಲ್ಲದ ಒಂದೇ ಚೌಕದಲ್ಲಿ ಎಲ್ಲ ಗೂಡು ಒತ್ತೊತ್ತಾಗಿ ಹೂತರೆ, ಬೆಳೆಯುವ ಮೊಟ್ಟೆಗಳ ಸ್ವಂತ ಶಾಖವೂ ಸೇರಿ ಅದೇ ಪಾಡಾಗುತ್ತದೆ. ಒಂದು ಮೂಲೆಗೆ ಹತ್ತಿದ ಬೂಸ್ಟು, ಇರುವೆ ಎಲ್ಲಕ್ಕೂ ಹರಡುತ್ತದೆ. ಇಲಾಖೆಯೇ ಮರಿಮನೆ ಮಾಡಿಸುವುದಾದರೆ ಗೂಡಿಂದ ಗೂಡಿಗೆ ಒಂದು ಮೀಟರ್ ಬಿಡಿ, ಅರ್ಧ ಭಾಗಕ್ಕೆ ಮಡಲಿನ ಚಪ್ಪರ ಹಾಕಿ, ಗೂಡಿನ ಆಳದಲ್ಲಿ ಶಾಖ ದಾಖಲಿಸುವ ಲಾಗರ್ ಇಡಿ, ಪ್ರತಿ ವರ್ಷ ಜಾಗ ಬದಲಿಸಿ. ಮರಿಗಳನ್ನು ಅತಿಥಿಗಳಿಗೆ ತೋರಿಸಲೆಂದು ತೊಟ್ಟಿಯಲ್ಲಿ ಇಟ್ಟುಕೊಳ್ಳುವುದು ತೀರಾ ತಪ್ಪು. ಹೊಟ್ಟೆಯೊಳಗೆ ಉಳಿದಿರುವ ಮೊಟ್ಟೆಯ ಹಳದಿಯ ಬಲದಲ್ಲಿ ಮೊದಲ ದಿನವೆಲ್ಲ ಬಿಡದೆ ಈಜಿ ಲಗೂನ್ ದಾಟಬೇಕಾದ ಮರಿ, ಆ ಶಕ್ತಿಯನ್ನು ತೊಟ್ಟಿಯ ಗೋಡೆಗೆ ಬಡಿದು ಕಳೆದುಕೊಳ್ಳುತ್ತದೆ. ಹೊರಬಂದ ರಾತ್ರಿಯೇ, ದಿನಕ್ಕೊಂದು ಬೇರೆ ಜಾಗದಲ್ಲಿ, ತಾನೇ ನಡೆದು ನೀರಿಗಿಳಿಯುವಂತೆ ಬಿಡಬೇಕು. ದಿನಾ ಒಂದೇ ಕಡೆ ಬಿಟ್ಟರೆ ಮೀನುಗಳು ಕಾದು ನಿಲ್ಲುತ್ತವೆ.

ದ್ವೀಪದ ಮೀನುಗಾರರ ಜೊತೆ ಮೊದಲೇ ಕೂತು ಮಾತಾಡಿ. ಲಕ್ಷದ್ವೀಪದ ಅಗತ್ತಿ ದ್ವೀಪದಲ್ಲಿ 2000ರ ದಶಕದಲ್ಲಿ ಹಸಿರಾಮೆಗಳು ಗುಂಪುಗೂಡಿ ಲಗೂನ್‌ನ ಸಮುದ್ರಹುಲ್ಲನ್ನು ಬೋಳು ಮಾಡಿದವು, ಹುಲ್ಲಿನಲ್ಲಿ ಬೆಳೆಯುವ ಮೀನೂ ಕಡಿಮೆಯಾಯಿತು. ಅಲ್ಲಿನವರ ಸಿಟ್ಟಿಗೆ ಕಾರಣವಿದೆ. ಲಗೂನ್‌ನಲ್ಲಿ ಮೇಯುವ ಆಮೆಗಳೇ ನಿಮ್ಮ ದಂಡೆಯಲ್ಲಿ ಮೊಟ್ಟೆಯಿಡುತ್ತವೆ ಎಂದೇನಿಲ್ಲ. ಮೇಯುವ ಜಾಗಕ್ಕೂ ಹುಟ್ಟುವ ಜಾಗಕ್ಕೂ ಸಾವಿರಾರು ಕಿಲೋಮೀಟರ್ ಇರಬಹುದು. ಈ ಮಾತನ್ನು ಅವರಿಗೆ ವಿವರಿಸಿ, ಅವರ ದೂರನ್ನೂ ಇಲಾಖೆಗೆ ಬರೆಯಿರಿ. ಬೆಳಗಿನ ಜಾಡು ಎಣಿಸಲು ಆ ಊರಿನ ಹುಡುಗರನ್ನೇ ಸಂಬಳಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಕೆಲಸ ಫಲ ಕೊಡುತ್ತಿದೆಯೇ ಎಂದು ತಿಳಿಯುವುದು ಗೂಡು ಖಾಲಿಯಾದ ಮೇಲೆ. ಹಸಿರಾಮೆ ಮೊಟ್ಟೆ ಒಡೆಯಲು 50ರಿಂದ 60 ದಿನ ಬೇಕು. ಮರಿಗಳ ಮೊದಲ ಗುಂಪು ಹೊರಬಂದ ಮೂರು ದಿನಗಳ ನಂತರ, ಇಲಾಖೆಯವರ ಎದುರಿನಲ್ಲಿ ಗೂಡನ್ನು ಕೈಯಿಂದ ಬಗೆದು ಖಾಲಿ ಚಿಪ್ಪು, ಒಡೆಯದ ಮೊಟ್ಟೆ, ಸತ್ತ ಮರಿ ಬೇರೆ ಬೇರೆ ಎಣಿಸಿ. ಅರ್ಧಕ್ಕಿಂತ ದೊಡ್ಡ ಚಿಪ್ಪನ್ನು ಮಾತ್ರ ಒಂದೆಂದು ಲೆಕ್ಕ ಹಿಡಿಯಿರಿ. ಖಾಲಿ ಚಿಪ್ಪಿನ ಸಂಖ್ಯೆಯನ್ನು ಒಟ್ಟು ಮೊಟ್ಟೆಗಳಿಂದ ಭಾಗಿಸಿದರೆ ಒಡೆದ ಪ್ರಮಾಣ ಸಿಗುತ್ತದೆ. ಮುಟ್ಟದೆ ಬಿಟ್ಟ ಆರೋಗ್ಯವಂತ ಗೂಡಿನಲ್ಲಿ ಅದು 80% ಆಸುಪಾಸಿರುತ್ತದೆ. ತಳದ ಪದರದ ಮೊಟ್ಟೆಗಳಷ್ಟೇ ಕೊಳೆತಿದ್ದರೆ ನಿಮ್ಮ ಪಿವಿಸಿ ಪೈಪಿನ ಲೆಕ್ಕ ತೆಗೆದು ನೋಡಿ, ಕೆಳಗಿಂದ ನೀರು ಬಂದಿರಬಹುದು. ಪೂರ್ತಿ ಬೆಳೆದ ಮರಿಗಳು ಚಿಪ್ಪಿನೊಳಗೇ ಸತ್ತಿದ್ದರೆ ಕೊನೆಯ ವಾರಗಳ ಬಿಸಿಯ ಮೇಲೆ ಸಂಶಯಪಡಿ.

ಈ ಲೆಕ್ಕಗಳನ್ನು ಬರೆದ ಪುಸ್ತಕವನ್ನು ನಿಮ್ಮ ನಂತರ ಬರುವವರಿಗೂ ಬಿಟ್ಟುಹೋಗಿ. ಇಂದು ಹೊರಟ ಮರಿ ತಾಯಾಗಿ ದಂಡೆಗೆ ಮರಳಲು 20ರಿಂದ 40 ವರ್ಷ ಬೇಕು. ಸೇಶೆಲ್ಸ್‌ನ ಅಲ್ಡಾಬ್ರ ಹವಳದ ದ್ವೀಪಸ್ತೋಮದಲ್ಲಿ 1968ರಿಂದ ಆಮೆ ಹಿಡಿಯುವುದನ್ನು ನಿಲ್ಲಿಸಿ, ದಶಕಗಳ ಕಾಲ ಇದೇ ರೀತಿ ಬೆಳಗಿನ ಜಾಡು ಎಣಿಸುತ್ತ ಬಂದರು. ಐವತ್ತು ವರ್ಷದ ಹೊತ್ತಿಗೆ ಅಲ್ಲಿನ ಹಸಿರಾಮೆ ಗೂಡುಗಳು ಹಲವು ಪಟ್ಟು ಹೆಚ್ಚಿದ್ದವು.